ಮೊದಲು ಗಾಳಿ ಯಾವ ಕಡೆ ನೋಡಿ, ಬಟ್ಟೆಯ ಮಾತು ಆಮೇಲೆ

ಪ್ರಶ್ನೆ: ಅಕ್ಕಾ, ಆಗಸ್ಟ್ ಮೊದಲ ವಾರ ನಾವಿಬ್ಬರೂ ಗ್ರೀಸಿನ ನಾಕ್ಸೋಸ್ ದ್ವೀಪಕ್ಕೆ ಹೋಗ್ತಿದ್ದೇವೆ. ಜರ್ಮನಿಗೆ ಬಂದು ಆರು ವರ್ಷ ಆಯ್ತು, ಇಲ್ಲಿನ ಕೆರೆ ದಂಡೆಯ ಎಫ್‌ಕೆಕೆ, ಅಂದರೆ ಬಟ್ಟೆ ಇಲ್ಲದೆ ಇರಬಹುದಾದ ಜಾಗಗಳು ರೂಢಿಯಾಗಿವೆ. ಹಾಗಾಗಿ ಬಟ್ಟೆ ಇಲ್ಲದೆ ಈಜೋದಕ್ಕೆ ಸಂಕೋಚ ಏನಿಲ್ಲ. ಆದರೆ ಹೋದ ವರ್ಷ ಮಿಕೊನೋಸ್‌ನಲ್ಲಿ ಇದ್ದ ಐದು ದಿನವೂ ಗಾಳಿ. ನ್ಯೂಡ್ ಬೀಚ್ ಅಂತ ಪಟ್ಟಿಯಲ್ಲಿ ನೋಡಿ ಪಾನೊರ್ಮೊಸ್‌ಗೆ ಹೋದೆವು, ಮರಳು ಮೈಗೆಲ್ಲ ಸೂಜಿ ಚುಚ್ಚಿದ ಹಾಗೆ ಬಡಿಯಿತು. ಹತ್ತು ನಿಮಿಷಕ್ಕೆ ಎದ್ದು ಬಂದೆವು. ಗಾಳಿ ಹೊಡೆಯದ, ನಮ್ಮಂಥವರಿಗೂ ಜಾಗ ಇರುವ ಬೀಚ್ ಆರಿಸೋದು ಹೇಗೆ?

ಉತ್ತರ: ನೀವು ತಪ್ಪಿದ್ದು ದ್ವೀಪದಲ್ಲಲ್ಲ, ದಿಕ್ಕಿನಲ್ಲಿ. ಪಾನೊರ್ಮೊಸ್ ಕೊಲ್ಲಿ ಬಾಯಿ ತೆರೆದಿರುವುದೇ ಉತ್ತರಕ್ಕೆ. ಅದರ ತಳದಲ್ಲಿರುವ ಫ್ತೆಲಿಯಾಕ್ಕೆ ವಿಂಡ್‌ಸರ್ಫಿಂಗ್ ಮಾಡುವವರು ಗಾಳಿ ಹುಡುಕಿಕೊಂಡೇ ಬರುತ್ತಾರೆ. ಅದೇ ಹೊತ್ತಿಗೆ ಅದೇ ಮಿಕೊನೋಸಿನ ದಕ್ಷಿಣ ದಂಡೆಯ ಎಲಿಯಾದಲ್ಲಿ ಜನ ಪುಸ್ತಕ ಓದುತ್ತಾ ಮಲಗಿರುತ್ತಾರೆ. ಅಲ್ಲಿಯೂ ಒಂದು ತುದಿ ಬಟ್ಟೆ ಬೇಡದವರದು.

ಈ ಗಾಳಿಯ ಹೆಸರು ಮೆಲ್ಟೆಮಿ. ಹಳೆಯ ಗ್ರೀಕರು ಎಟೆಸಿಯೈ ಎನ್ನುತ್ತಿದ್ದರು, ವರ್ಷ ವರ್ಷ ಬರುವುದು ಎಂದು ಅರ್ಥ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೂ ಬೀಸಬಹುದು, ಜೋರು ಜುಲೈ-ಆಗಸ್ಟ್‌ನಲ್ಲಿ. ನಮ್ಮ ಲೆಕ್ಕದಲ್ಲಿ ಆಷಾಢ-ಶ್ರಾವಣ. ಹೀಗೆ ತಿಂಗಳು ಕೂಡಿಬಂದದ್ದು ಬರೀ ಕಾಕತಾಳೀಯವಲ್ಲ. ಬೇಸಿಗೆಯಲ್ಲಿ ಭಾರತದ ವಾಯವ್ಯ ಮತ್ತು ಪಾಕಿಸ್ತಾನದ ಮೇಲೆ ಬಿಸಿಗೆ ಹುಟ್ಟುವ ಕಡಿಮೆ ಒತ್ತಡ ಇರಾನ್ ದಾಟಿ ಟರ್ಕಿಯವರೆಗೂ ನಾಲಿಗೆ ಚಾಚುತ್ತದೆ. ಬಾಲ್ಕನ್ ಕಡೆ ಒತ್ತಡ ಹೆಚ್ಚು. ಇವೆರಡರ ನಡುವೆ ಸಿಕ್ಕ ಏಜಿಯನ್ ಸಮುದ್ರದ ಮೇಲೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಸುರಿಯುತ್ತದೆ. ಆಗುಂಬೆಯಲ್ಲಿ ಮಳೆ ಹೊಯ್ಯಿಸುವ ಮುಂಗಾರು ವ್ಯವಸ್ಥೆಯ ಪಶ್ಚಿಮದ ಬಾಲವೇ ನಿಮ್ಮ ಮೈಗೆ ಮರಳು ಬಡಿಸಿದ್ದು ಎನ್ನಬಹುದು. ವ್ಯತ್ಯಾಸ ಒಂದೇ, ಅಲ್ಲಿ ಮೋಡವೇ ಇರುವುದಿಲ್ಲ. ಆಕಾಶ ಕಡುನೀಲಿ, ಬಿಸಿಲು ಫಳಫಳ. ಹೋಟೆಲ್ ಕಿಟಕಿಯಿಂದ ನೋಡಿದರೆ ಇದಕ್ಕಿಂತ ಒಳ್ಳೆ ದಿನ ಉಂಟೇ ಅನಿಸುತ್ತದೆ. ಮೋಸ ಹೋಗುವುದು ಅಲ್ಲೇ.

ನಾನು ಮಲೆನಾಡಿನವಳು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮನೆಯ ಪಡುವಣ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಇರಚಲು ಹೊಡೆಯುವುದು ಯಾವ ಕಡೆಯಿಂದ, ಜಗುಲಿಯ ಯಾವ ಮೂಲೆ ಒಣಗಿರುತ್ತದೆ ಎಂದು ಮನೆಯ ನಾಯಿಗೂ ಗೊತ್ತಿತ್ತು. ಗ್ರೀಸಿನ ನಕಾಶೆಯನ್ನೂ ಹಾಗೇ ನೋಡಿ. ಉತ್ತರ ಮೇಲಿರುವಂತೆ ಫೋನ್ ಹಿಡಿದು, ಮೇಲಿನಿಂದ ಓರೆಯಾಗಿ ಇರಚಲು ಹೊಡೆಯುತ್ತಿದೆ ಎಂದುಕೊಳ್ಳಿ. ದ್ವೀಪವೇ ಮನೆ. ಒಣಗಿ ಉಳಿಯುವ ಮೂಲೆ ನಿಮ್ಮದು.

ಆದರೆ ಇರಚಲು ಎಲ್ಲ ಕಡೆ ಒಂದೇ ದಿಕ್ಕಿನಿಂದ ಬರುವುದಿಲ್ಲ. ನಾಕ್ಸೋಸ್, ಪಾರೋಸ್, ಮಿಕೊನೋಸ್ ಇರುವ ಸಿಕ್ಲಾಡಿಸ್ ದ್ವೀಪಗಳಲ್ಲಿ ಅದು ಉತ್ತರದ್ದು, ಈಶಾನ್ಯದ್ದು. ಆಗ್ನೇಯಕ್ಕೆ ರೋಡ್ಸ್ ದ್ವೀಪದವರೆಗೆ ಹೋಗುವಷ್ಟರಲ್ಲಿ ವಾಯವ್ಯದಿಂದ ಬೀಸತೊಡಗಿರುತ್ತದೆ. ಅದಕ್ಕೇ ರೋಡ್ಸ್‌ನಲ್ಲಿ ಪಶ್ಚಿಮ ದಂಡೆಯ ಇಯಾಲಿಸೋಸ್ ಕಡೆಗೆ ಸರ್ಫಿಂಗ್‌ನವರು ಮುಗಿಬೀಳುತ್ತಾರೆ, ಪೂರ್ವ ದಂಡೆ ತಣ್ಣಗಿರುತ್ತದೆ. ಫಾಲಿರಾಕಿಯ ಪಕ್ಕದ ಮಾಂಡೊಮಾಟಾ ಎಂಬ ನ್ಯೂಡ್ ಬೀಚ್ ಇರುವುದು ಈ ಪೂರ್ವದಲ್ಲೇ.

ಇನ್ನು ಪಟ್ಟಿಗಳ ಮಾತು. ಇಷ್ಟು ಬರೆಯುತ್ತಿರುವುದೇ ಇದಕ್ಕಾಗಿ. ಗ್ರೀಸಿನಲ್ಲಿ ಒಂದು ಬೀಚಿಗೆ ಬಟ್ಟೆ ಇಲ್ಲದವರು ಬಂದು ಸೇರಿದ್ದು ಯಾರೋ ಗುರುತು ಹಾಕಿ ಕೊಟ್ಟಿದ್ದಕ್ಕಲ್ಲ, ಅಲ್ಲಿ ಬೇರೆಯವರು ಇರಲಿಲ್ಲ ಅನ್ನುವುದಕ್ಕೆ. ಯಾಕೆ ಇರಲಿಲ್ಲ ಎಂದು ಕೇಳಿದರೆ ಎರಡು ಬೇರೆ ಬೇರೆ ಉತ್ತರ. ಕೆಲವು ಕಡೆ ರಸ್ತೆ ಇಲ್ಲ, ಅರ್ಧ ಗಂಟೆ ಗುಡ್ಡ ಇಳಿಯಬೇಕು. ಇನ್ನು ಕೆಲವು ಕಡೆ ಅಲೆ, ಗಾಳಿ, ಎಳೆತ ಜಾಸ್ತಿ ಎಂದು ಊರಿನ ಸಂಸಾರಸ್ಥರು ಬಿಟ್ಟುಕೊಟ್ಟದ್ದು. ಪಟ್ಟಿ ಮಾಡುವವರು ಇವೆರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಇಕಾರಿಯಾ ದ್ವೀಪದ ನಾಸ್ ನೋಡಿ. ಹಳ್ಳವೊಂದು ಸಮುದ್ರ ಸೇರುವ ಜಾಗ, ಪಕ್ಕದಲ್ಲೇ ಆರ್ಟೆಮಿಸ್ ದೇವಿಯ ಗುಡಿಯ ಅವಶೇಷ, ಬಟ್ಟೆ ಬಿಚ್ಚಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ವಾಯವ್ಯಕ್ಕೆ ತೆರೆದ ಮೂಲೆ, ಮೆಲ್ಟೆಮಿ ಎದ್ದ ದಿನ ನೀರಿಗಿಳಿಯುವ ಮಾತೇ ಇಲ್ಲ. ಸಾಮೋಸ್ ದ್ವೀಪದ ತ್ಸಾಮಾದೂ ಕೂಡ ಉತ್ತರ ದಂಡೆಯದೇ. ಇವು ಕೆಟ್ಟ ಬೀಚುಗಳಲ್ಲ, ಜೂನ್‌ನಲ್ಲಿ ಸ್ವರ್ಗ. ಆಗಸ್ಟ್‌ಗೆ ನಿಮಗೆ ಬೇಕಿರುವುದು ಮೊದಲ ಜಾತಿಯವು, ದಾರಿ ಕಷ್ಟ ಎಂದು ಖಾಲಿ ಉಳಿದವು.

ಹಾಗಾದರೆ ದಕ್ಷಿಣ ದಂಡೆ ಹಿಡಿದರೆ ಆಯಿತಲ್ಲ ಎನ್ನಬೇಡಿ. ತಗ್ಗು ದ್ವೀಪಗಳಲ್ಲಿ ಆ ಲೆಕ್ಕ ನಡೆಯುತ್ತದೆ. ಇಯೋಸ್ ದ್ವೀಪದ ದಕ್ಷಿಣ ತುದಿಯ ಮಾಂಗನಾರಿ ಅದಕ್ಕೆ ಒಳ್ಳೆ ಉದಾಹರಣೆ. ಕ್ರೀಟ್‌ನಂಥ ಬೆಟ್ಟದ ನಾಡಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಲೆಫ್ಕಾ ಓರಿ ಶ್ರೇಣಿಯೇ 2,400 ಮೀಟರ್ ದಾಟುತ್ತದೆ. ಉತ್ತರದಿಂದ ಬಂದ ಗಾಳಿ ಬೆಟ್ಟ ಹತ್ತಿ, ಕಮರಿಗಳಲ್ಲಿ ಇಕ್ಕಟ್ಟಾಗಿ, ದಕ್ಷಿಣ ದಂಡೆಗೆ ಗುದ್ದಿದ ಹಾಗೆ ಬಂದು ಬೀಳುತ್ತದೆ. ಎರಡು ಕಮರಿಗಳ ಕೆಳಗೆ ಕೂತಿರುವ ಪ್ಲಾಕಿಯಾಸ್ ದಕ್ಷಿಣಕ್ಕೆ ಮುಖ ಮಾಡಿಯೂ ಗಾಳಿಗೆ ಹೆಸರಾದ ಊರು. ನಾನು ಅಲ್ಲಿ ಒಮ್ಮೆ ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ಎದುರಿನ ಮೇಜಿನ ಗಾಜಿನ ಲೋಟ ತಾನೇ ಜಾರಿ ನೆಲಕ್ಕೆ ಬಿತ್ತು. ಮಾಣಿ ತಿರುಗಿಯೂ ನೋಡಲಿಲ್ಲ, ಪೊರಕೆ ಅವನ ಕೈಯಲ್ಲೇ ಇತ್ತು. ಅದೇ ದಿನ ಗುಡ್ಡದ ಆಚೆ, ದಮ್ನೋನಿ ಪಕ್ಕದ ಪುಟ್ಟ ಕೊಲ್ಲಿಯಲ್ಲಿ, ಬಟ್ಟೆ ಬಿಚ್ಚಿ ಮಲಗಿದವರ ದಿನಪತ್ರಿಕೆ ಹಾಳೆ ಮಗುಚುವಷ್ಟೂ ಗಾಳಿ ಇರಲಿಲ್ಲ. ಆದ್ದರಿಂದ ನಕಾಶೆಯಲ್ಲಿ ಬೀಚ್ ಹಿಂದೆ ಏನಿದೆ ನೋಡಿ. ಸಮುದ್ರಕ್ಕೆ ಬಾಯಿಬಿಟ್ಟ ಕಣಿವೆ ಇದ್ದರೆ ಬಿಟ್ಟುಬಿಡಿ, ಉದ್ದಕ್ಕೆ ಗುಡ್ಡದ ಗೋಡೆ ಇದ್ದರೆ ಹೋಗಿ.

ಗೋಡೆ ಅಂದೆ, ಆದರೆ ನೆಟ್ಟಗಿನ ಬಂಡೆಗಿಂತ ಮರ ಒಳ್ಳೆಯದು. ತೋಟದ ಬೇಲಿಗೆ ಗಾಳಿಮರ ನೆಡುವವರಿಗೆ ಇದು ಗೊತ್ತು. ಗಾಳಿ ಸೋಸಿ ಬಿಡುವ ತಡೆ, ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೂ ಗಾಳಿಯ ಜೋರು ತಗ್ಗಿಸುತ್ತದೆ. ಗಟ್ಟಿ ಗೋಡೆಯ ಹಿಂದೆ ಗಾಳಿ ಸುಳಿಯಾಗಿ ತಿರುಗಿ ಹೊಡೆಯುತ್ತದೆ. ಗ್ರೀಕ್ ದಂಡೆಗಳಲ್ಲಿ ಅಲ್ಮಿರಿಕಿ ಎಂದು ಕರೆಯುವ ಟ್ಯಾಮರಿಸ್ಕ್ ಮರಗಳ ಸಾಲು ಕಂಡರೆ ಮೊದಲು ಹೋಗಿ ಜಾಗ ಹಿಡಿಯಿರಿ. ಕೆಲವೆಡೆ ಹಿಂದೆ ಬಂದವರು ಮೊಣಕಾಲೆತ್ತರಕ್ಕೆ ಕಲ್ಲು ಜೋಡಿಸಿ ಅರ್ಧ ಚಂದ್ರದ ಗೂಡು ಮಾಡಿಟ್ಟಿರುತ್ತಾರೆ. ಆ ಗೂಡಿನ ಬೆನ್ನು ಯಾವ ಕಡೆಗಿದೆಯೋ ಗಾಳಿ ಆ ಕಡೆಯದು. ಯಾವ ಆ್ಯಪ್‌ಗಿಂತಲೂ ನಂಬಬಹುದಾದ ಬಾಣದ ಗುರುತು ಅದು.

ಈಗ ನಿಮ್ಮ ನಾಕ್ಸೋಸ್. ಪ್ಲಾಕಾ ಎಂಬ ಉದ್ದನೆಯ ಬಿಳಿಮರಳಿನ ಬೀಚ್ ಬಗ್ಗೆ ಎಲ್ಲರೂ ಹೇಳಿರುತ್ತಾರೆ. ದಕ್ಷಿಣಕ್ಕೆ ಹೋದಷ್ಟೂ ಜನ ಕಡಿಮೆ, ಬಟ್ಟೆ ಇಲ್ಲದವರು ಹಳೆಯ ಕಾಲದಿಂದಲೂ ಇದ್ದಾರೆ. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ಗಾಳಿ ದಂಡೆಯ ಉದ್ದಕ್ಕೂ ಮರಳನ್ನು ಗುಡಿಸಿಕೊಂಡು ಓಡುತ್ತದೆ. ಸಾಧಾರಣ ದಿನಕ್ಕೆ ಚೆನ್ನ, ಜೋರು ದಿನಕ್ಕೆ ಬೇಡ. ಮುಂದೆ ಸಿಗುವ ಮಿಕ್ರಿ ವಿಗ್ಲಾದಲ್ಲಿ ಪಾಠ ಕಣ್ಣೆದುರೇ ಇದೆ. ಸಮುದ್ರಕ್ಕೆ ಚಾಚಿದ ಒಂದು ದಿಬ್ಬ. ಅದರ ಉತ್ತರಕ್ಕಿರುವ ಪಾರ್ಥೆನಾದ ಮೇಲೆ ಕೈಟ್‌ಸರ್ಫಿಂಗ್‌ನವರ ಗಾಳಿಪಟಗಳು, ನಮ್ಮ ಆಷಾಢದ ಆಕಾಶದ ಹಾಗೆ. ದಿಬ್ಬ ದಾಟಿ ದಕ್ಷಿಣಕ್ಕೆ ಇಳಿದರೆ ನೀರು ಎಷ್ಟೋ ಶಾಂತ.

ನಾನಾದರೆ ಇನ್ನೂ ಕೆಳಗೆ, ಅಲಿಕೊಗೆ ಹೋಗುತ್ತೇನೆ. ಸೀಡರ್ ಕಾಡು ಎಂದು ಅದನ್ನು ಕರೆಯುತ್ತಾರೆ, ನಿಜಕ್ಕೂ ಜುನಿಪರ್ ಗಿಡಗಳು. ಮಧ್ಯೆ ಅರ್ಧಕ್ಕೆ ನಿಂತುಹೋದ ಹೋಟೆಲೊಂದರ ಅಸ್ಥಿಪಂಜರ, ಗೋಡೆಗಳ ತುಂಬ ಬಣ್ಣದ ಚಿತ್ರ. ಈ ಭೂಶಿರದ ಎರಡೂ ಮಗ್ಗುಲಿಗೆ ಸಣ್ಣ ಸಣ್ಣ ಕೊಲ್ಲಿಗಳಿವೆ. ಬೆಳಿಗ್ಗೆ ಮೇಲೆ ನಿಂತು ಎರಡು ಕಡೆಯೂ ನೋಡಿ, ಶಾಂತವಿದ್ದ ಕಡೆ ಇಳಿದರಾಯಿತು. ನಾನು ಹೋದ ದಿನ ಮೇಲೆ ಹೋಟೆಲ್ ಅಂಗಳದಲ್ಲಿ ಟೋಪಿ ಹಿಡಿದುಕೊಂಡೇ ನಡೆಯಬೇಕಿತ್ತು. ಹತ್ತು ಆಳೆತ್ತರ ಕೂಡ ಇಲ್ಲದ ಇಳಿಜಾರು ಇಳಿದು ಗಿಡಗಳ ಮರೆಗೆ ಬಂದದ್ದೇ ಕಿವಿಯಲ್ಲಿನ ಸದ್ದು ನಿಂತಿತು. ಐದಾರು ಜನರಿದ್ದರು, ಯಾರ ಮೈಮೇಲೂ ಏನೂ ಇಲ್ಲ. ವಯಸ್ಸಾದ ಹೆಂಗಸೊಬ್ಬರು ಕಲ್ಲಂಗಡಿ ಹೆಚ್ಚುತ್ತಾ ಕೂತಿದ್ದರು, ಒಂದು ಹೋಳು ನನಗೂ ಬಂತು.

ಅಲ್ಲೇ ಇನ್ನೊಂದನ್ನೂ ಕಂಡೆ. ಮರೆಯ ಬೀಚ್ ಎಂದರೆ ಗಾಳಿ ಬೆನ್ನ ಹಿಂದಿನಿಂದ, ನೆಲದಿಂದ ಕಡಲಿಗೆ ಬೀಸುವ ಜಾಗ. ದಂಡೆಯಲ್ಲಿ ನೀರು ಕನ್ನಡಿ, ಐವತ್ತು ಮೀಟರ್ ಆಚೆಗೆ ಬೇರೆಯೇ ಕಥೆ. ಯಾರೋ ಹುಡುಗ ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿದ್ದವನು ಕೆಳಗಿಳಿದದ್ದೇ ತಡ, ಅದು ಬೆಕ್ಕಿನ ಹಾಗೆ ಹಾರಿ ಹಾರಿ ನಡುಗಡಲಿನ ಕಡೆಗೆ ಹೊರಟುಹೋಯಿತು. ಹಿಂದೆ ಈಜಲು ಹೊರಟವನನ್ನು ಅವನ ಅಪ್ಪ ಕೂಗಿ ವಾಪಸು ಕರೆದರು. ಅದೊಂದು ಹಾಸಿಗೆ, ಹೋದರೆ ಹೋಯಿತು. ಮೆಲ್ಟೆಮಿ ದಿನ ತೇಲುವ ಆಟಿಕೆ ಬೇಡ, ಈಜುವುದಾದರೆ ದಂಡೆಗೆ ಸಮಾನಾಂತರವಾಗಿ, ಕಾಲು ನೆಲಕ್ಕೆ ಸಿಗುವಲ್ಲಿ.

ಗಾಳಿಯ ಮುನ್ಸೂಚನೆಯನ್ನು ಗ್ರೀಕರು ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಅಂಕಿಯಲ್ಲೇ ಮಾತಾಡುತ್ತಾರೆ, ಟವೆರ್ನಾ ಎಂಬ ಊಟದ ಹೋಟೆಲಿನವರೂ ‘ಇವತ್ತು ಆರು’ ಎನ್ನುತ್ತಾರೆ. 4ರವರೆಗೆ ಎಲ್ಲಿಗೆ ಬೇಕಾದರೂ ಹೋಗಿ. 5 ಅಂದರೆ ಗಂಟೆಗೆ 29ರಿಂದ 38 ಕಿ.ಮೀ., ಆಗ ಮರೆ ಬೇಕು. 6ಕ್ಕೆ ಒಣ ಮರಳು ಏಳುತ್ತದೆ, ಅಲಿಕೊದಂಥ ಕೊಲ್ಲಿಯೇ ಗತಿ, ಇಲ್ಲವಾದರೆ ಬೆಣಚುಕಲ್ಲಿನ ಬೀಚ್ ಹುಡುಕಿ, ಕಲ್ಲು ಹಾರಿ ಮೈಗೆ ಬಡಿಯುವುದಿಲ್ಲ. 7, 8 ಆದರೆ ದೋಣಿ-ಹಡಗುಗಳೇ ನಿಲ್ಲತೊಡಗುತ್ತವೆ. ಆ ದಿನ ಬೆಟ್ಟದ ಹಳ್ಳಿಗಳಿಗೆ ಹೋಗಿ ಬನ್ನಿ. ಅಥೆನ್ಸಿನ ರಾಷ್ಟ್ರೀಯ ವೀಕ್ಷಣಾಲಯದ ಮೆಟಿಯೊ ತಾಣ ನೋಡಿದರೆ ಸಾಕು, ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ. ಅಲೆಗಳ ಬಿಳಿ ನೊರೆಗೆ ಗ್ರೀಕರು ‘ಪ್ರೊವಟಾಕಿಯಾ’ ಎನ್ನುತ್ತಾರೆ, ಕುರಿಮರಿಗಳು ಎಂದು. ಕಡಲಲ್ಲಿ ಕುರಿಮಂದೆ ಕಂಡರೆ ಕಾರು ತಿರುಗಿಸಿ ದ್ವೀಪದ ಇನ್ನೊಂದು ಮಗ್ಗುಲಿಗೆ ಹೋಗಿ. ಹಾಗೆ ತಿರುಗಿಸಲು ಬಾಡಿಗೆ ಕಾರು ಇರಬೇಕು. ನಡೆದು ಹೋಗುವಷ್ಟು ಹತ್ತಿರ ಒಂದೇ ಬೀಚ್ ನಂಬಿಕೊಂಡು ರೂಮ್ ಮಾಡಿದವರಿಗೆ ಈ ಆಯ್ಕೆ ಇಲ್ಲ.

ಕಾನೂನಿನ ವಿಷಯ ಸಣ್ಣದು. ನ್ಯೂಡಿಸ್ಟ್ ತಂಗುದಾಣಗಳಿಗೆ ಗ್ರೀಸ್ 1983ರಲ್ಲೇ ಕಾನೂನು ಮಾಡಿದೆ. ಕ್ರೀಟ್‌ನ ಸ್ಫಾಕಿಯಾ ಹತ್ತಿರ ಅಂಥ ಹೋಟೆಲೂ ಇದೆ. ಉಳಿದ ಕಡೆಯದೆಲ್ಲ ಊರವರ ಸೈರಣೆಯ ಮೇಲೆ ನಡೆಯುವುದು. ಹಾಗಾಗಿ ಬೀಚಿನ ತುದಿಗೆ ನಡೆಯಿರಿ, ಈಗಾಗಲೇ ಬಟ್ಟೆ ಇಲ್ಲದವರು ಇದ್ದಾರೋ ನೋಡಿ, ಹತ್ತಿರ ಪುಟ್ಟ ಚರ್ಚ್ ಇದ್ದರೆ ಅಥವಾ ಬೋರ್ಡ್ ಹಾಕಿದ್ದರೆ ಬೇಡ. ಆಗಸ್ಟ್ 15 ಮೇರಿಮಾತೆಯ ದೊಡ್ಡ ಹಬ್ಬ, ಆ ಆಸುಪಾಸಿನಲ್ಲಿ ಅಥೆನ್ಸಿನಿಂದ ಅಜ್ಜಿ-ಮೊಮ್ಮಕ್ಕಳ ಸಮೇತ ಬಂದವರೇ ಎಲ್ಲ ಕಡೆ. ನೀವು ಮೊದಲ ವಾರ ಹೋಗುತ್ತಿರುವುದು ಒಳ್ಳೆಯದಾಯಿತು. ಇನ್ನು ಫೋನ್ ಚೀಲದಿಂದ ಹೊರಗೆ ತೆಗೆಯಬಾರದು ಎಂದು ಎಫ್‌ಕೆಕೆ ಕಂಡವರಿಗೆ ಹೇಳಬೇಕಾಗಿಲ್ಲ.

ಬಿಸಿಲಿನ ಬಗ್ಗೆ ಮಾತ್ರ ಹೇಳಲೇಬೇಕು. ಗಾಳಿ ಮೈ ತಂಪಾಗಿಟ್ಟಿರುವುದರಿಂದ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ನಮ್ಮ ಬಣ್ಣಕ್ಕೆ ಏನೂ ಆಗಲ್ಲ ಅನ್ನುವ ಧೈರ್ಯ ನನಗೂ ಇತ್ತು. ಬಿಸಿಲನ್ನೇ ಕಾಣದ ಚರ್ಮ ಎಲ್ಲೆಲ್ಲಿ ಇರುತ್ತದೆ ಎಂದು ಅವತ್ತು ರಾತ್ರಿ ಕೂರಲು ಹೋದಾಗ ತಿಳಿಯಿತು. ಕ್ರೀಮ್ ಧಾರಾಳವಾಗಿ ಹಚ್ಚಿ. ಕೊಡೆಯ ಬದಲು ತೆಳುವಾದ ಪಂಚೆ ಒಯ್ಯಿರಿ. ನಾಲ್ಕು ಮೂಲೆಗೆ ಕಲ್ಲಿಟ್ಟರೆ ಹಾಸಿಗೆ, ಹೊದ್ದರೆ ಹೊದಿಕೆ, ಜುನಿಪರ್ ಕೊಂಬೆಗೆ ಕಟ್ಟಿದರೆ ನೆರಳು.

ಪ್ಲಾಕಾ ತಪ್ಪಿಹೋಯಿತಲ್ಲ ಎಂದು ಬೇಜಾರಾದರೆ ಸಂಜೆ ಹೋಗಿ. ಗಾಳಿ ಸಾಮಾನ್ಯವಾಗಿ ಮಧ್ಯಾಹ್ನ ಏರಿ ಹೊತ್ತು ಮುಳುಗುವ ವೇಳೆಗೆ ಇಳಿಯುತ್ತದೆ, ಏಳು ಗಂಟೆಗೆ ಅಷ್ಟುದ್ದದ ಮರಳು ಬಹುಪಾಲು ನಿಮ್ಮದೇ. ಕೆಲವು ಸಲ ಇಳಿಯುವುದೇ ಇಲ್ಲ, ರಾತ್ರಿಯೆಲ್ಲ ಬೀಸುತ್ತದೆ. ಆಗ ಮರಳಿನ ಹಿಂದೆ ಟವೆರ್ನಾಗಳಿವೆ. ಅಲ್ಲಿಗೆ ಮಾತ್ರ ಬಟ್ಟೆ ಹಾಕಿಕೊಂಡು ಹೋಗಿ.