ಭಾಷಣ ಚೆನ್ನಾಗಿತ್ತು, ತಲೆಗೆ ಹೋಯಿತೇ?

ಶಿವಮೊಗ್ಗದ ಕುವೆಂಪು ರಂಗಮಂದಿರವಿರಲಿ, ಹೊಸನಗರದ ಕಡೆಯ ಯಾವುದೋ ಪ್ರೌಢಶಾಲೆಯ ಜಗಲಿಯಿರಲಿ, ವ್ಯಕ್ತಿತ್ವ ವಿಕಸನದ ಶಿಬಿರ ನಡೆದಲ್ಲೆಲ್ಲ ಒಂದು ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಾರೆ: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7, ದನಿಯ ಪಾಲು ಶೇ. 38, ಮಿಕ್ಕ ಶೇ. 55 ಮುಖಭಾವ ಮತ್ತು ಹಾವಭಾವದ್ದು. ಈ ಲೆಕ್ಕ ಹುಟ್ಟಿದ್ದು 1967ರಲ್ಲಿ, ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಂಗಡಿಗರು ನಡೆಸಿದ ಎರಡು ಸಣ್ಣ ಪ್ರಯೋಗಗಳಿಂದ. ಅಲ್ಲಿ ಕೇಳುಗರ ಮುಂದಿದ್ದದ್ದು ಭಾಷಣವಲ್ಲ, ಬಿಡಿ ಪದಗಳು. ಒಂದು ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಜೊತೆಗೆ ಮುಖದ ಚಿತ್ರ ತೋರಿಸಿ, ಆಡಿದವರಿಗೆ ಎದುರಿನವರ ಮೇಲೆ ಒಲವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ಮುಖವನ್ನೇ ನಂಬುತ್ತಾರೆ ಎಂಬುದಷ್ಟೇ ಅದರ ಸಾರ. ಭಾವನೆಗಳ ಮಾತಿಗಲ್ಲದೆ ಬೇರೆಡೆಗೆ ಈ ಲೆಕ್ಕ ಸಲ್ಲದೆಂದು ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ಆದರೂ ಅದು ನಮ್ಮ ವೇದಿಕೆಗಳಿಂದ ಇಳಿಯಲೊಲ್ಲದು.

ಪದಗಳ ಪಾಲು ನಿಜಕ್ಕೂ ಶೇ. 7 ಆಗಿದ್ದರೆ ಭದ್ರಾವತಿ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳಿದ ಯಾವ ರೈತನೂ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಲು ಕಲಿಯುತ್ತಿರಲಿಲ್ಲ. ಅಲ್ಲಿ ಮುಖವೂ ಇಲ್ಲ, ಕೈಸನ್ನೆಯೂ ಇಲ್ಲ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ನೀರು ಎಷ್ಟು ಎಂಬ ಮಾತುಗಳು ಮಾತ್ರ ಇವೆ.

ಹಾವಭಾವ ಕೆಲಸ ಮಾಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಮಾಡುವ ಕೆಲಸ ಬೇರೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಶಾನಾ ಕಾರ್ಪೆಂಟರ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಪಾಠವನ್ನು ಎರಡು ಬಗೆಯಲ್ಲಿ ಚಿತ್ರೀಕರಿಸಿದ್ದರು. ಒಂದರಲ್ಲಿ ಉಪನ್ಯಾಸಕಿ ನೆಟ್ಟಗೆ ನಿಂತು, ಕಣ್ಣಿಗೆ ಕಣ್ಣು ಕೊಟ್ಟು, ಚೀಟಿ ನೋಡದೆ, ಎಡವದೆ ಮಾತಾಡುತ್ತಾಳೆ. ಇನ್ನೊಂದರಲ್ಲಿ ಅದೇ ಉಪನ್ಯಾಸಕಿ ಮೇಜಿನ ಮೇಲೆ ಬಾಗಿ, ತಡವರಿಸುತ್ತ, ಟಿಪ್ಪಣಿ ನೋಡಿ ಅದನ್ನೇ ಓದುತ್ತಾಳೆ. ಎಷ್ಟು ನೆನಪಿರಬಹುದೆಂದು ಕೇಳಿದಾಗ ಮೊದಲನೆಯದನ್ನು ನೋಡಿದವರು ಹೆಚ್ಚುಕಡಿಮೆ ಅರ್ಧದಷ್ಟು ಎಂದರೆ, ಎರಡನೆಯದನ್ನು ನೋಡಿದವರು ಕಾಲುಭಾಗ ಎಂದರು. ಪರೀಕ್ಷೆ ಮಾಡಿದರೆ ಎರಡೂ ಗುಂಪಿನವರ ತಲೆಯಲ್ಲಿ ಉಳಿದಿದ್ದದ್ದು ಕಾಲುಭಾಗದ ಆಸುಪಾಸು. ಸೊಗಸಾದ ಮಾತು ಹೆಚ್ಚಿಸಿದ್ದು ‘ಕಲಿತೆ’ ಎಂಬ ಭರವಸೆಯನ್ನು, ಕಲಿಕೆಯನ್ನಲ್ಲ.

ಪಾಠದ ವಿಷಯ, ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಆಗಿರುವುದೇಕೆ ಎಂಬುದು. ವಿಷಯಾಂತರವಾದರೂ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬೆಕ್ಕಿನ ತುಪ್ಪಟ ಕೆಂಚಗೋ ಕಪ್ಪಗೋ ಎಂಬುದನ್ನು ತೀರ್ಮಾನಿಸುವ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎಕ್ಸ್ ಎರಡು. ಭ್ರೂಣ ಇನ್ನೂ ಎಳೆಯದಾಗಿರುವಾಗಲೇ ಪ್ರತಿ ಕೋಶವೂ ಎರಡರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಮುಚ್ಚಬೇಕೆಂಬುದಕ್ಕೆ ನಿಯಮವಿಲ್ಲ. ಹಾಗಾಗಿ ಮೈಯ ಒಂದು ಪಟ್ಟೆ ಕೆಂಚು, ಪಕ್ಕದ್ದು ಕಪ್ಪು. ಬಿಳಿಯನ್ನು ಕೊಡುವುದು ಬೇರೊಂದು ಜೀನ್. ಗಂಡಿಗೆ ಎಕ್ಸ್ ಒಂದೇ ಆದ್ದರಿಂದ ಕೆಂಚಾದರೆ ಕೆಂಚು, ಕಪ್ಪಾದರೆ ಕಪ್ಪು.

ಸೊಗಸಾದ ಮಾತು ಕೇಳಿ ಕಲಿತೆವೆಂದುಕೊಳ್ಳುವ ಭ್ರಮೆ ವಿದ್ಯಾರ್ಥಿಗಳಿಗಷ್ಟೇ ಅಂಟಿದ್ದಲ್ಲ. 1970ರಲ್ಲಿ ಅಮೆರಿಕದಲ್ಲಿ ಒಬ್ಬ ನಟನಿಗೆ ‘ಡಾಕ್ಟರ್ ಫಾಕ್ಸ್’ ಎಂಬ ಹೆಸರು ಕೊಟ್ಟು, ಅರ್ಥವಿಲ್ಲದ ಭಾಷಣವನ್ನು ಹುರುಪಿನಿಂದ ಮಾಡಿಸಿದಾಗ, ಕೇಳಿದ ವೈದ್ಯರು ಮತ್ತು ಮನೋವಿಜ್ಞಾನದ ಅಧ್ಯಾಪಕರು ಮೆಚ್ಚಿ ಅಂಕ ಕೊಟ್ಟಿದ್ದರು.

ಹಾಗಾದರೆ ಸ್ಫೂರ್ತಿ ಕೊಡುವ ಭಾಷಣವೆಲ್ಲ ಪೊಳ್ಳೇ? ಹಾಗೆನ್ನುವವರಿಗೆ ವಿಜ್ಞಾನಿ ಮೈಕೆಲ್ ಫ್ಯಾರಡೆಯೇ ಉತ್ತರ. ಲಂಡನ್ನಿನ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳನ್ನು ಕೇಳಿದ. ಡೇವಿ ಆ ಕಾಲದ ತಾರೆ. ಅವರ ಮಾತು ಕೇಳಲು ಜನ ಮುಗಿಬೀಳುತ್ತಿದ್ದರು. ಮುಗಿಬಿದ್ದ ನೂರಾರು ಜನರಲ್ಲಿ ಫ್ಯಾರಡೆಯಾದದ್ದು ಒಬ್ಬನೇ ಏಕೆಂಬುದೇ ಇಲ್ಲಿ ನೋಡಬೇಕಾದ ಪ್ರಶ್ನೆ. ಅವನು ಗ್ಯಾಲರಿಯಲ್ಲಿ ಕುಳಿತು ಮುಖ್ಯ ಮಾತುಗಳನ್ನು ಗೀಚಿಕೊಂಡ, ಆಮೇಲೆ ನೆನಪಿನಿಂದ ಬಿಟ್ಟ ಜಾಗಗಳನ್ನು ತುಂಬುತ್ತ ಶುದ್ಧಪ್ರತಿ ಮಾಡಿದ, ಉಪಕರಣಗಳ ಚಿತ್ರ ಬರೆದ, ಎಲ್ಲವನ್ನೂ ತಾನೇ ರಟ್ಟು ಕಟ್ಟಿ ಆ ವರ್ಷದ ಕೊನೆಗೆ ಡೇವಿಗೇ ಕಳಿಸಿದ. 1813ರ ಮಾರ್ಚಿನಲ್ಲಿ ಅಲ್ಲೇ ಸಹಾಯಕನಾಗಿ ಸೇರಿದ. ಡೇವಿಯ ವಾಗ್ಝರಿ ಅವನನ್ನು ಕುರ್ಚಿಗೆ ಕಟ್ಟಿಹಾಕಿತು, ಒಪ್ಪೋಣ. ವಿಜ್ಞಾನಿಯನ್ನಾಗಿ ಮಾಡಿದ್ದು ಶುದ್ಧಪ್ರತಿ.

ಅದೇ ವರ್ಷ ಗೆಳೆಯ ಬೆಂಜಮಿನ್ ಆ್ಯಬಟ್‌ಗೆ ಬರೆದ ಪತ್ರಗಳಲ್ಲಿ ಈ ಹುಡುಗ ಉಪನ್ಯಾಸವೆಂಬುದನ್ನೇ ಒಂದು ವಿನ್ಯಾಸದ ಸಮಸ್ಯೆಯಂತೆ ಬಿಡಿಸುತ್ತಾನೆ: ಸಭಾಂಗಣದ ಆಕಾರ ಹೇಗಿರಬೇಕು, ಗಾಳಿ ಹೇಗೆ ಆಡಬೇಕು, ಜನ ಒಳಬರುವ ದಾರಿ ಎಲ್ಲಿರಬೇಕು, ಮಾತು ಒಂದು ಗಂಟೆ ಮೀರಬಾರದು. ಮುಂದೆ ತಾನೇ ಭಾಷಣಕಾರನಾದಾಗ, ವೇಗ ಹೆಚ್ಚಾದರೆ ‘ನಿಧಾನ’ ಎಂದೂ ಹೊತ್ತು ಮೀರುತ್ತಿದ್ದರೆ ‘ಸಮಯ’ ಎಂದೂ ಬರೆದ ರಟ್ಟುಗಳನ್ನು ಎದುರಿಗೆ ಇಡಲು ಸಹಾಯಕನಿಗೆ ಹೇಳಿದ್ದ. 1825ರಲ್ಲಿ ಶುರುವಾದ, ಎಳೆಯರಿಗಾಗಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸಗಳನ್ನು ಅವನು 19 ಸಲ ಕೊಟ್ಟ. ಇಂದಿನ ಟೆಡ್ ಎಂಬ ಭಾಷಣ ವೇದಿಕೆಯ 18 ನಿಮಿಷದ ಮಿತಿಯನ್ನು ಹೊಸ ಆವಿಷ್ಕಾರವೆಂಬಂತೆ ಕೊಂಡಾಡುವವರು ಆ ಪತ್ರಗಳನ್ನೊಮ್ಮೆ ಓದಬೇಕು.

ಶುದ್ಧಪ್ರತಿಯ ಮಹಿಮೆಗೆ 2006ರಲ್ಲಿ ಅಂಕಿಗಳು ಸಿಕ್ಕವು. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಎರಡು ಗದ್ಯಭಾಗ ಕೊಟ್ಟು, ಒಂದನ್ನು ಮತ್ತೆ ಓದಲು ಹೇಳಿದರು, ಇನ್ನೊಂದನ್ನು ಓದಿದ ಮೇಲೆ ಪುಟ ಮುಚ್ಚಿ ನೆನಪಾದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು, ಶೇ. 81ಕ್ಕೆ 75. ವಾರ ಬಿಟ್ಟು ಕೇಳಿದರೆ ಮತ್ತೆ ಓದಿದ್ದರಲ್ಲಿ ಉಳಿದದ್ದು ಶೇ. 42, ನೆನಪಿನಿಂದ ಬರೆದದ್ದರಲ್ಲಿ ಶೇ. 56. ಭಾಷಣದ ಯಶಸ್ಸನ್ನು ನಾವು ಅಳೆಯುವುದು ಮೊದಲ ಐದು ನಿಮಿಷದಲ್ಲಿ, ಚಪ್ಪಾಳೆಯ ಹೊತ್ತಿನಲ್ಲಿ.

ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದ ಅಧ್ಯಯನ ಹಾರ್ವರ್ಡ್‌ನದು. ಭೌತವಿಜ್ಞಾನಿ ಎರಿಕ್ ಮಜೂರ್ ಮತ್ತು ಕ್ಯಾಥರೀನ್ ಕ್ರೌಚ್ ಮೊದಲಾದವರು 2004ರಲ್ಲಿ ಕೇಳಿದ ಪ್ರಶ್ನೆ ನಮ್ಮ ವಿಜ್ಞಾನ ಮೇಳಗಳಿಗೇ ಕೇಳಿದಂತಿದೆ: ವೇದಿಕೆಯ ಮೇಲೆ ಪ್ರಯೋಗ ಮಾಡಿ ತೋರಿಸಿದರೆ ನೋಡಿದವರು ಕಲಿಯುತ್ತಾರೆಯೇ? ಕೆಲವರಿಗೆ ಪ್ರಯೋಗವನ್ನೇ ತೋರಿಸಲಿಲ್ಲ, ಕೆಲವರಿಗೆ ತೋರಿಸಿ ವಿವರಿಸಿದರು, ಕೆಲವರಿಗೆ ಏನಾಗಬಹುದೆಂದು ಮೊದಲೇ ಊಹಿಸಲು ಹೇಳಿದರು, ಇನ್ನು ಕೆಲವರು ಊಹಿಸಿ, ನೋಡಿ, ತಮ್ಮತಮ್ಮಲ್ಲಿ ಚರ್ಚಿಸಿದರು. ಪರೀಕ್ಷೆಯಲ್ಲಿ ಕಾರಣವನ್ನು ಸರಿಯಾಗಿ ವಿವರಿಸಿದವರ ಪ್ರಮಾಣ ಅನುಕ್ರಮವಾಗಿ ಶೇ. 22, 24, 30 ಮತ್ತು 32. ಬರೀ ನೋಡಿದವರಿಗೂ ನೋಡದೇ ಇದ್ದವರಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಊಹಿಸಲು ಹಿಡಿದ ಹೆಚ್ಚುವರಿ ಸಮಯ ಎರಡು ನಿಮಿಷ. ಶೇ. 32 ಎಂಬುದು ಬೀಗುವಂಥ ಅಂಕಿಯಲ್ಲ, ನಿಜ. ಹಾರ್ವರ್ಡ್‌ನಲ್ಲೇ ಹೀಗಾದರೆ ನಮ್ಮ ಬಹುಮಾನ ವಿತರಣೆಯ ನಡುವಣ ಪ್ರಾತ್ಯಕ್ಷಿಕೆಯ ಪಾಡೇನೆಂದು ಯೋಚಿಸಬಹುದು.

ಪವಾಡ ಬಯಲು ಕಾರ್ಯಕ್ರಮಗಳನ್ನು ಕಂಡು ನನಗೆ ಅಸಮಾಧಾನವಾಗುವುದು ಇಲ್ಲಿಯೇ. ಮಾಟ ತೆಗೆಯುವೆನೆಂದು ಬಂದವನು ಕೊಯ್ದ ನಿಂಬೆಹಣ್ಣಿನಿಂದ ‘ರಕ್ತ’ ಸುರಿಯುವುದನ್ನು ವೇದಿಕೆಯ ಮೇಲೆ ಮಾಡಿ ತೋರಿಸಿ, ಚಾಕುವಿನ ಅಲಗಿಗೆ ದಾಸವಾಳದ ಎಸಳು ತಿಕ್ಕಿ ಒಣಗಿಸಿದ್ದನ್ನು ಹೇಳಿಬಿಡುತ್ತಾರೆ. ಮಕ್ಕಳು ನಗುತ್ತಾರೆ, ಕಾರ್ಯಕ್ರಮ ಮುಗಿಯುತ್ತದೆ. ಅವರು ಕಲಿತದ್ದು ಈ ಒಂದು ತಂತ್ರವನ್ನು. ನಾಳೆ ಬೇರೆ ತಂತ್ರದವನು ಬಂದರೆ ಮತ್ತೆ ಬೆರಗಾಗುತ್ತಾರೆ. ಅದರ ಬದಲು, ಒಣಗಿ ನೇರಳೆಗಟ್ಟಿದ ಅಲಗನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟು, ಇದರಲ್ಲಿ ಸೌತೆಕಾಯಿ ಕೊಯ್ದರೆ ಏನಾದೀತು, ಸೋಪಿನ ನೀರಿಗೆ ಅದ್ದಿದರೆ ಏನಾದೀತು ಎಂದು ಕೇಳಬೇಕು. ಕೈ ಎತ್ತಿಸಬೇಕು. ಸೌತೆಕಾಯಿಯಲ್ಲಿ ನಿಂಬೆಯ ಕೆಂಪು ಬರುವುದಿಲ್ಲ, ಸೋಪಿನಲ್ಲಿ ಬಣ್ಣ ಹಸಿರಿನ ಕಡೆ ವಾಲುತ್ತದೆ. ಆಗ ಹುಳಿಗೂ ಬಣ್ಣಕ್ಕೂ ನಂಟಿದೆ ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ. ಹೂವಿನ ಆ ಬಣ್ಣಕ್ಕೆ ಆಂಥೋಸಯನಿನ್ ಎಂಬ ಹೆಸರನ್ನು ಆಮೇಲೆ ಕೊಟ್ಟರೂ ನಡೆಯುತ್ತದೆ.

ಊಹೆಗೆ ಇಷ್ಟು ಬಲ ಎಲ್ಲಿಂದ? 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಸ್ರವಿಸುವ ನರಕೋಶಗಳನ್ನು ಆಲಿಸಿದಾಗ ಒಂದು ಸಂಗತಿ ಕಂಡಿತ್ತು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಮಿಡಿಯುತ್ತಿದ್ದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಮಂಗ ಕಲಿತ ನಂತರ ದೀಪಕ್ಕೆ ಮಿಡಿದು ರಸಕ್ಕೆ ಸುಮ್ಮನಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಾಗಿದ್ದ ಗಳಿಗೆಗೆ ಸರಿಯಾಗಿ ಅವುಗಳ ಮಿಡಿತ ಕುಗ್ಗುತ್ತಿತ್ತು. ಕೋಶಗಳು ಲೆಕ್ಕ ಇಡುತ್ತಿದ್ದದ್ದು ಸಿಕ್ಕದ್ದನ್ನಲ್ಲ, ಸಿಕ್ಕದ್ದಕ್ಕೂ ಎಣಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು. ಮಂಗನ ರಸದಿಂದ ಮನುಷ್ಯರ ಸಭಾಂಗಣಕ್ಕೆ ನೇರ ದಾರಿಯಿಲ್ಲವೆಂಬ ಎಚ್ಚರ ನನಗಿದೆ. ಆದರೂ ಎಣಿಕೆಯೇ ಇಲ್ಲದವನಿಗೆ ವ್ಯತ್ಯಾಸ ಕಾಣದೆಂಬುದನ್ನು ತಳ್ಳಿಹಾಕುವುದು ಕಷ್ಟ. ಆಗುಂಬೆ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದ ಪ್ರಯಾಣಿಕನಿಗೆ ಮುಂದಿನ ತಿರುವು ಎಡಕ್ಕೋ ಬಲಕ್ಕೋ ಹೇಳಲಾಗುವುದಿಲ್ಲ, ಡ್ರೈವರಿಗೆ ಮಂಜಿನಲ್ಲೂ ಗೊತ್ತಿರುತ್ತದೆ. ಇಬ್ಬರೂ ನೋಡಿದ್ದು ಒಂದೇ ರಸ್ತೆ, ಆದರೆ ತಿರುವಿಗೆ ಮುಂಚೆ ಸ್ಟಿಯರಿಂಗ್ ತಿರುಗಿಸಬೇಕಾದವನು ಒಬ್ಬನೇ.

ಮೂಢನಂಬಿಕೆಯ ವಿಷಯದಲ್ಲೂ ಫ್ಯಾರಡೆ ನಮಗಿಂತ ಮುಂದಿದ್ದ. 1853ರಲ್ಲಿ ಲಂಡನ್ನಿನ ಮನೆಮನೆಗಳಲ್ಲಿ ಜನ ಮೇಜಿನ ಸುತ್ತ ಕುಳಿತು ಕೈಯಿಟ್ಟರೆ ಪ್ರೇತಶಕ್ತಿಯಿಂದ ಮೇಜು ತಿರುಗುತ್ತದೆಂಬ ಹುಚ್ಚು ಹಬ್ಬಿತ್ತು. ಅವನು ಯಾರನ್ನೂ ಮೋಸಗಾರರೆನ್ನಲಿಲ್ಲ. ಕೈಗಳ ಕೆಳಗೆ, ಉರುಳುಗೋಲುಗಳ ಮೇಲೆ ಸರಿಯುವ ಹಲಗೆಯಿಟ್ಟು, ಅದು ಎತ್ತ ಸರಿಯುತ್ತದೆಂದು ತೋರಿಸುವ ಹುಲ್ಲುಕಡ್ಡಿಯ ಸೂಚಿ ಜೋಡಿಸಿದ. ಮೇಜನ್ನು ತಳ್ಳುತ್ತಿದ್ದದ್ದು ಕುಳಿತವರ ಕೈಗಳೇ, ಅವರಿಗೇ ಅರಿವಿಲ್ಲದಂತೆ. ಸೂಚಿಯನ್ನು ಅವರ ಕಣ್ಣೆದುರಿಗೆ ಇಟ್ಟಾಗ ಮೇಜು ನಿಂತೇಹೋಯಿತು.

ನಮ್ಮಲ್ಲಿ ಇಂಥ ಪರಂಪರೆ ಇಲ್ಲವೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದ ಕಾಲದಲ್ಲಿ ಆ ಮಾತುಗಳನ್ನು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸುತ್ತಿದ್ದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್‌ನ ಸಂಸ್ಕೃತಿ ಶಿಬಿರಗಳಲ್ಲಿ ಉಪನ್ಯಾಸ ಮುಗಿದ ಮೇಲಿನ ಸಂವಾದಕ್ಕೂ ಮಾತಿನಷ್ಟೇ ಬೆಲೆ. ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಹೊಸತಲ್ಲ. ಎದುರು ಅರ್ಥಧಾರಿ ಈ ಪ್ರಶ್ನೆಗೆ ಏನು ಹೇಳಿಯಾನು ಎಂದು ಸಭೆಯೇ ಮನಸ್ಸಿನಲ್ಲಿ ಉತ್ತರ ಕಟ್ಟುತ್ತಿರುತ್ತದೆ. ಶಾಲೆ ಕಾಲೇಜುಗಳ ಸಮಾರಂಭಕ್ಕೆ ಬಂದರೆ ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಮುಖ್ಯ ಅತಿಥಿಗಳು, ಅಧ್ಯಕ್ಷರು ಎಲ್ಲರಿಗೂ ಹೊತ್ತು ಸಿಗುತ್ತದೆ; ಸಮಯದ ಅಭಾವವೆಂದು ಕೈಬಿಡುವುದು ಪ್ರಶ್ನೋತ್ತರವನ್ನು.

ಆರೋಗ್ಯದ ಭಾಷಣಗಳಲ್ಲಿ ಈ ಲೋಪಕ್ಕೆ ತೆರುವ ಬೆಲೆ ದೊಡ್ಡದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಬೆಳಕಿಗೆ ಬಂದ ಮಂಗನ ಕಾಯಿಲೆಯ ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಉಣುಗು, ಎಂದರೆ ರಕ್ತ ಹೀರುವ ಉಣ್ಣೆ. ಮಂಗವೂ ನಮ್ಮಂತೆ ಅದಕ್ಕೆ ಬಲಿ. ಸತ್ತ ಮಂಗನ ಮೈಯಿಂದ ಉಣುಗುಗಳು ಉದುರಿ ಸುತ್ತಲಿನ ದರಗಿಗೆ, ಎಂದರೆ ಉದುರಿದ ಒಣ ಎಲೆಗಳಿಗೆ, ಇಳಿಯುತ್ತವೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ ಕಾಯಿಲೆ ಉಲ್ಬಣಿಸಿದ ಮೇಲೆ ಈ ಮಾತುಗಳನ್ನು ಮಲೆನಾಡಿನ ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ. ಕೇಳಿದವರು ತಲೆದೂಗಿ, ಮರುದಿನ ಬರಿಗಾಲಿನಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಉಣುಗು ಸಂಗ್ರಹಿಸುವವರ ಬಳಿ ಒಂದು ಸರಳ ಸಾಧನವಿದೆ: ಕೋಲಿಗೆ ಕಟ್ಟಿದ ಬಿಳಿ ಫ್ಲಾನಲ್ ಬಟ್ಟೆ. ದರಗಿನ ಮೇಲೆ ಅದನ್ನು ಮೆಲ್ಲಗೆ ಎಳೆದುಕೊಂಡು ಹೋಗಿ ತಿರುಗಿಸಿದರೆ ಕಸದ ಚುಕ್ಕೆಗಳಂತೆ ಕಾಣುವವು ಸ್ವಲ್ಪ ಹೊತ್ತಿಗೆ ನಡೆಯತೊಡಗುತ್ತವೆ. ಭೂತಗನ್ನಡಿ ಹಿಡಿದರೆ ಎಳೆ ಉಣುಗಿನ ಎಂಟು ಕಾಲುಗಳನ್ನು ಎಣಿಸಬಹುದು. ಸಭೆಯನ್ನು ಸಮುದಾಯ ಭವನದ ಬದಲು, ಉದ್ದ ತೋಳಿನ ಬಟ್ಟೆ ತೊಟ್ಟು, ಉಣುಗು ತಡೆಯುವ ತೈಲ ಹಚ್ಚಿಕೊಂಡು, ಬೆಟ್ಟದ ಅಂಚಿನಲ್ಲಿ ಸೇರಿಸಲಿ. ಬಟ್ಟೆ ಎಳೆಯುವ ಮುಂಚೆ, ದನ ಓಡಾಡುವ ಕಾಲುದಾರಿಯಲ್ಲಿ ಹೆಚ್ಚು ಸಿಕ್ಕೀತೋ, ಹಳ್ಳದ ದಡದಲ್ಲೋ, ಮನೆಯ ಹಿಂದಿನ ದರಗಿನ ರಾಶಿಯಲ್ಲೋ ಎಂದು ಒಬ್ಬೊಬ್ಬರನ್ನೂ ಕೇಳಿ, ಹೇಳಿದ್ದನ್ನು ಎಲ್ಲರೆದುರು ಬರೆದಿಡಲಿ. ತನ್ನ ಹಿತ್ತಿಲನ್ನು ಸುರಕ್ಷಿತವೆಂದು ಹೇಳಿದ ಯಜಮಾನನೇ ಅಲ್ಲಿ ಬಟ್ಟೆ ಎಳೆಯಲಿ. ಎಳೆ ಉಣುಗುಗಳ ಕಾಲ ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆಯುದ್ದಕ್ಕೂ ಇರುವುದರಿಂದ ದೀಪಾವಳಿ ಕಳೆದ ಕೂಡಲೇ ಇದನ್ನು ಮಾಡುವುದು ಒಳ್ಳೆಯದು. ವಾರ ಬಿಟ್ಟು ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ತೈಲ ಹಚ್ಚಿಕೊಳ್ಳಿ’ ಎಂದು ಇನ್ನೊಮ್ಮೆ ಹೇಳಬೇಕಿಲ್ಲ. ದರಗು ತರಲು ಹೋಗುವ ಮುಂಚೆ ಏನೇನು ಮಾಡುತ್ತೀರಿ, ಬಂದ ಮೇಲೆ ಏನೇನು ಮಾಡುತ್ತೀರಿ ಎಂದು ಕೇಳಿ, ಮನೆಯವರು ತಾವಾಗಿ ಉತ್ತರ ಹೇಳುವವರೆಗೆ ಜಗಲಿಯಲ್ಲಿ ಕುಳಿತಿದ್ದರೆ ಸಾಕು.