ಪೆಟ್ಟು ಬಿದ್ದ ಮೇಲೆ ಮಿದುಳು ಊದುವುದು ಹೇಗೆ?

ಬಳ್ಳಾರಿಯಲ್ಲಿ ನರ್ಸಿಂಗ್ ಓದುವ ನಾವು ತಲೆಗೆ ಪೆಟ್ಟಾದವರನ್ನು ನೋಡುತ್ತಲೇ ಇರುತ್ತೇವೆ. ಹೊಸಪೇಟೆ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಹುಡುಗನೊಬ್ಬ ನಮ್ಮ ವಾರ್ಡಿಗೆ ಬಂದಿದ್ದ. ರಾತ್ರಿ ನೀರು ಕೇಳಿದ, ಮೊಬೈಲ್ ಕೇಳಿದ. ಮರುದಿನ ಎಷ್ಟು ಕೂಗಿದರೂ ಅರ್ಧ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದ. "ರಾತ್ರಿ ಚೆಂದ ಮಾತಾಡಿದ್ನಲ್ರೀ ಸಿಸ್ಟರ್" ಅಂತ ಅವನ ತಾಯಿ ಕೇಳುತ್ತಲೇ ಇದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬರೆದುಕೊಂಡದ್ದು ಇದು.

ಬಿದ್ದ ಗಳಿಗೆಯಲ್ಲಿ ಆದ ಗಾಯ ಮೊದಲನೆಯದು. ಅದನ್ನು ವಾಪಸ್ ತೆಗೆಯೋಕೆ ಆಗಲ್ಲ. ಊತ ಎರಡನೆಯ ಗಾಯ. ಅದು ನಿಧಾನ, ಮೊದಲ ಎರಡು ಮೂರು ದಿನ ಏರುತ್ತಾ ಹೋಗಬಹುದು.

ಡಬ್ಬಿ ತುಂಬ ಕಡಲೆ ನೆನೆಹಾಕಿ ಬಿಗಿಯಾಗಿ ಮುಚ್ಚಿದರೆ ಬೆಳಗ್ಗೆ ಮುಚ್ಚಳ ಎದ್ದಿರುತ್ತದೆ ಅಲ್ವಾ? ತಲೆಬುರುಡೆಗೆ ಏಳುವ ಮುಚ್ಚಳವಿಲ್ಲ. ಒಳಗೆ ಸುಮಾರು 80 ಪಾಲು ಮಿದುಳು, 10 ಪಾಲು ರಕ್ತ, 10 ಪಾಲು ಮಿದುಳಿನ ಸುತ್ತ ಇರುವ ನೀರು (ಸಿಎಸ್ಎಫ್). ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಡಬೇಕು. ಮೊದಲು ನೀರು, ಸಿರೆಯ ರಕ್ತ ಸರಿಯುತ್ತವೆ. ಅದಕ್ಕೇ ರಾತ್ರಿ ಹುಡುಗ ಮಾತಾಡಿದ. ಸರಿಯಲು ಏನೂ ಉಳಿಯದಾಗ ಒತ್ತಡ ಒಮ್ಮೆಲೇ ಏರುತ್ತದೆ.

ನೀರು ಸೇರುವ ದಾರಿ ಮುಖ್ಯವಾಗಿ ಎರಡು. ಸೈಟೋಟಾಕ್ಸಿಕ್ ಎಂಬ ಊತದಲ್ಲಿ ಜೀವಕೋಶಕ್ಕೆ ಶಕ್ತಿ ಸಾಲದೆ ಸೋಡಿಯಂ ಹೊರಹಾಕುವ ಪಂಪ್ ನಿಲ್ಲುತ್ತದೆ. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಬೆನ್ನಿಗೆ ನೀರು ಬರುತ್ತದೆ, ಕೋಶವೇ ಊದುತ್ತದೆ. ವ್ಯಾಸೋಜೆನಿಕ್ ಎಂಬ ಊತದಲ್ಲಿ ರಕ್ತನಾಳದ ಗೋಡೆಯ ಬಿಗಿ ಹೊಲಿಗೆ ಬಿಚ್ಚುತ್ತದೆ. ಪ್ರೋಟೀನ್ ಸೋರಿ, ನೀರು ಕೋಶಗಳ ನಡುವೆ ನಿಲ್ಲುತ್ತದೆ. ಪೆಟ್ಟಾದವರಲ್ಲಿ ಎರಡೂ ಬೆರೆತೇ ಇರುತ್ತವೆ.

ಈ ಲೆಕ್ಕ ಮಾತ್ರ ಬಿಡಬೇಡಿ. ಸರಾಸರಿ ಬಿಪಿಯಿಂದ ತಲೆಯೊಳಗಿನ ಒತ್ತಡ ಕಳೆದರೆ, ಮಿದುಳಿಗೆ ರಕ್ತ ತಳ್ಳುವ ಬಲ ಸಿಗುತ್ತದೆ. ಸರಾಸರಿ ಬಿಪಿ 90, ತಲೆಯೊಳಗಿನ ಒತ್ತಡ 10 ಇದ್ದರೆ ಉಳಿಯೋದು 80. ಒತ್ತಡ 40 ಆದರೆ ಉಳಿಯೋದು 50. ಬೇಕಾದದ್ದು 60ರಿಂದ 70. ರಕ್ತ ಕಡಿಮೆಯಾದರೆ ಇನ್ನಷ್ಟು ಪಂಪ್ ನಿಲ್ಲುತ್ತವೆ, ಊತ ಇನ್ನೂ ಜಾಸ್ತಿ. ಬಿಪಿ ಬೀಳಲು ಬಿಡಬಾರದು ಅಂತ ಸೀನಿಯರ್‌ಗಳು ಪದೇ ಪದೇ ಹೇಳುವುದು ಇದಕ್ಕೇ.

ಮಂಪರು, ವಾಂತಿ ಮೊದಲ ಸುಳಿವು. ಒಂದು ಕಣ್ಣಿನ ಪಾಪೆ ಹಿಗ್ಗಿ ಟಾರ್ಚ್ ಬೆಳಕಿಗೆ ಕುಗ್ಗದಿದ್ದರೆ, ಊದಿದ ಮಿದುಳು ಕೆಳಕ್ಕೆ ಜರುಗಿ ಪಾಪೆ ಕುಗ್ಗಿಸುವ ಮೂರನೇ ಕಪಾಲ ನರವನ್ನು ಒತ್ತುತ್ತಿರಬಹುದು. ಬಿಪಿ ಏರಿ ನಾಡಿ ನಿಧಾನವಾದರೆ ಸಮಯ ಬಹಳ ಕಡಿಮೆ. ಸುಮ್ನೆ ನಿದ್ದೆ ಅಂತ ಬಿಡಬೇಡಿ, ಎಬ್ಬಿಸಿ ನೋಡಿ.

ಮ್ಯಾನಿಟಾಲ್ ಎಂಬ ಔಷಧ, ಉಪ್ಪು ಹೆಚ್ಚಿರುವ ಗಟ್ಟಿ ಸಲೈನ್ ಇವು ಮಿದುಳಿನ ನೀರನ್ನು ರಕ್ತಕ್ಕೆ ಎಳೆಯುತ್ತವೆ. ಸ್ಟೀರಾಯ್ಡ್ ಇಲ್ಲಿ ಬೇಡ. ಗಡ್ಡೆಯ ಊತಕ್ಕೆ ಅದು ನೆರವಾಗುತ್ತದೆ, ನಿಜ. ಆದರೆ 10,000ಕ್ಕೂ ಹೆಚ್ಚು ಗಾಯಾಳುಗಳ ಕ್ರ್ಯಾಶ್ ಹೆಸರಿನ ಅಧ್ಯಯನದಲ್ಲಿ, 2004ರ ವರದಿಯಂತೆ, ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಜಾಸ್ತಿ.

ಆ ತಾಯಿ ಮಗನ ಮುಖ ಕಾಣಲಿ ಅಂತ ಅವನ ತಲೆಯನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಸಿಸ್ಟರ್ ಮೆಲ್ಲಗೆ ನೇರ ಮಾಡಿ, ತಲೆದೆಸೆಯನ್ನು 30 ಡಿಗ್ರಿ ಎತ್ತಿದರು. ಕತ್ತು ತಿರುಚಿದರೆ ರಕ್ತ ಇಳಿಯುವ ಸಿರೆ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟೂಲನ್ನು ಮಂಚದ ಕಾಲಿನ ಕಡೆ ಹಾಕಿ, "ಇಲ್ಲಿ ಕುಂದ್ರಮ್ಮ, ಇಲ್ಲಿಂದಾನೂ ಮುಖ ಕಾಣ್ತದ" ಅಂದರು.