ಎನಿಗ್ಮಾದ ಕೋಟಿ ಕೋಟಿ ಜೋಡಣೆಗಳನ್ನು ದಾಟಿದ್ದು ಹೇಗೆ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಸಂದೇಶಗಳನ್ನು ಗುಟ್ಟಿನ ಸಂಕೇತಕ್ಕೆ ತಿರುಗಿಸಲು ಬಳಸಿದ ಎನಿಗ್ಮಾ ಯಂತ್ರಕ್ಕೆ ಕೋಟಿ ಕೋಟಿ ಜೋಡಣೆಗಳಿದ್ದವಂತೆ. ದಿನಾ ಅದನ್ನು ಬದಲಾಯಿಸುತ್ತಿದ್ದರಂತೆ. ಹಾಗಿದ್ದ ಮೇಲೆ ಅಷ್ಟನ್ನೂ ಒಂದೊಂದಾಗಿ ಹಾಕಿ ನೋಡಿದ್ದು ಹೇಗೆ?

ಒಂದೊಂದಾಗಿ ಹಾಕಿ ನೋಡಲೇ ಇಲ್ಲ. ಹಾಗೆ ನೋಡಲು ಹೋಗಿದ್ದರೆ ಯುದ್ಧ ಮುಗಿದು ನೂರಾರು ವರ್ಷ ಕಳೆದರೂ ಕೆಲಸ ಮುಗಿಯುತ್ತಿರಲಿಲ್ಲ. ಯಂತ್ರ ನಿಜಕ್ಕೂ ಗಟ್ಟಿಯಾಗಿತ್ತು. ಆದರೆ ಅದರಲ್ಲೊಂದು ಸಣ್ಣ ದೋಷವಿತ್ತು. ಜೊತೆಗೆ ಅದನ್ನು ಬಳಸುವವರಿಗೆ ಒಂದಷ್ಟು ಅಭ್ಯಾಸಗಳಿದ್ದವು. ಒಳಗೆ ನುಗ್ಗಲು ದಾರಿ ಸಿಕ್ಕಿದ್ದು ಅಲ್ಲಿ.

ಮೊದಲು ಆ ದೊಡ್ಡ ಸಂಖ್ಯೆ ಎಲ್ಲಿಂದ ಬಂತು ನೋಡೋಣ. ಎನಿಗ್ಮಾ ನೋಡಲು ಟೈಪ್‌ರೈಟರ್ ತರಹ ಇರುತ್ತದೆ. ಒಂದು ಕೀಲಿ ಒತ್ತಿದರೆ ಬೇರೊಂದು ಅಕ್ಷರದ ದೀಪ ಹೊತ್ತಿಕೊಳ್ಳುತ್ತದೆ. ಒಳಗೆ ಮೂರು ಗಾಲಿಗಳಿವೆ. ಪ್ರತಿ ಸಲ ಕೀಲಿ ಒತ್ತಿದಾಗಲೂ ಗಾಲಿ ತಿರುಗುತ್ತದೆ. ಹಾಗಾಗಿ ಒಂದೇ ಅಕ್ಷರವನ್ನು ಎರಡು ಸಲ ಒತ್ತಿದರೆ ಬೇರೆ ಬೇರೆ ಅಕ್ಷರ ಬರಬಹುದು. ಐದು ಗಾಲಿಗಳಲ್ಲಿ ಮೂರನ್ನು ಆರಿಸಿ ಜೋಡಿಸಲು 60 ದಾರಿ. ಅವುಗಳನ್ನು ಬೇರೆ ಬೇರೆ ಸ್ಥಾನದಲ್ಲಿ ನಿಲ್ಲಿಸಲು 17,576 ದಾರಿ. ಇವೆರಡನ್ನೂ ಗುಣಿಸಿದರೆ ಹತ್ತೂವರೆ ಲಕ್ಷ, ಅಷ್ಟೇ. ನಿಜವಾದ ತಲೆನೋವು ಮುಂಭಾಗದ ಪ್ಲಗ್ ಬೋರ್ಡ್. ಅಲ್ಲಿ 10 ತಂತಿಗಳಿಂದ ಅಕ್ಷರಗಳನ್ನು ಜೋಡಿ ಜೋಡಿಯಾಗಿ ಅದಲು ಬದಲು ಮಾಡುತ್ತಿದ್ದರು. ಅದೊಂದಕ್ಕೇ 150 ಲಕ್ಷ ಕೋಟಿ ದಾರಿಗಳಿವೆ. ಎಲ್ಲವನ್ನೂ ಗುಣಿಸಿದರೆ 159ರ ಮುಂದೆ 18 ಸೊನ್ನೆ.

ಈ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದ್ದು ಬ್ರಿಟಿಷರಲ್ಲ. ಪೋಲೆಂಡಿನವರು. ಇದನ್ನು ಒತ್ತಿ ಹೇಳಲೇಬೇಕು, ಯಾಕಂದರೆ ಎನಿಗ್ಮಾ ಅಂದ ಕೂಡಲೇ ಎಲ್ಲರೂ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ ಹೆಸರನ್ನಷ್ಟೇ ಹೇಳುತ್ತಾರೆ. 1932ರ ಡಿಸೆಂಬರ್‌ನಲ್ಲಿ ಮರಿಯಾನ್ ರೆಯೆವ್‌ಸ್ಕಿ ಎಂಬ ಯುವ ಗಣಿತಜ್ಞ ಗಾಲಿಗಳ ಒಳಗಿನ ತಂತಿ ಜೋಡಣೆಯನ್ನು ಲೆಕ್ಕದಿಂದಲೇ ಕಂಡುಹಿಡಿದರು. ಫ್ರೆಂಚರು ಒಬ್ಬ ಜರ್ಮನ್ ನೌಕರನಿಂದ ದುಡ್ಡು ಕೊಟ್ಟು ಪಡೆದಿದ್ದ ಕೆಲವು ಕಾಗದಪತ್ರಗಳು ನೆರವಿಗೆ ಬಂದವು. ಆದರೂ ಒಂದು ಕಡೆ ಲೆಕ್ಕ ಕೂಡುತ್ತಿರಲಿಲ್ಲ. ಕೀಲಿಮಣೆಯಿಂದ ಗಾಲಿಗೆ ತಂತಿಗಳು ಯಾವ ಕ್ರಮದಲ್ಲಿ ಹೋಗುತ್ತವೆ? ಅಂಗಡಿಯಲ್ಲಿ ಮಾರುತ್ತಿದ್ದ ಎನಿಗ್ಮಾದಲ್ಲಿ ಕೀಲಿಮಣೆಯ ಕ್ರಮವೇ ಇತ್ತು. ಸೇನೆಯ ಯಂತ್ರಕ್ಕೆ ಅದು ಹೊಂದಲಿಲ್ಲ. ಜರ್ಮನ್ನರು ಅಚ್ಚುಕಟ್ಟಿನ ಜನ, ಸುಮ್ನೆ ಎ, ಬಿ, ಸಿ ಅಂತ ವರ್ಣಮಾಲೆಯ ಕ್ರಮದಲ್ಲೇ ಜೋಡಿಸಿರಬಹುದಲ್ವಾ ಎಂದು ರೆಯೆವ್‌ಸ್ಕಿ ಊಹಿಸಿದರು. ಊಹೆ ಸರಿಯಾಯಿತು.

ರೆಯೆವ್‌ಸ್ಕಿ, ಯೆಜಿ ರುಝಿತ್‌ಸ್ಕಿ ಮತ್ತು ಹೆನ್ರಿಕ್ ಜಿಗಾಲ್‌ಸ್ಕಿ ಯುದ್ಧಕ್ಕೂ ಮೊದಲೇ ವರ್ಷಗಟ್ಟಲೆ ಜರ್ಮನ್ ಸಂದೇಶ ಓದಿದರು. 1939ರ ಜುಲೈ ಕೊನೆಯಲ್ಲಿ, ಯುದ್ಧ ಶುರುವಾಗಲು ಐದು ವಾರವಿದ್ದಾಗ, ವಾರ್ಸಾ ಹತ್ತಿರದ ಪಿರಿ ಕಾಡಿಗೆ ಫ್ರೆಂಚರನ್ನೂ ಬ್ರಿಟಿಷರನ್ನೂ ಕರೆಸಿ ತಮ್ಮಲ್ಲಿದ್ದದ್ದನ್ನೆಲ್ಲ ಪೋಲೆಂಡ್ ಕೊಟ್ಟುಬಿಟ್ಟಿತು. ಬ್ರಿಟನ್ನಿನ ಸಂಕೇತ ತಜ್ಞ ಡಿಲ್ಲಿ ನಾಕ್ಸ್ ಅಲ್ಲಿ ಮೊದಲು ಕೇಳಿದ್ದೇ ಆ ತಂತಿಗಳ ಕ್ರಮದ ಬಗ್ಗೆ. ಅವರೂ ಅಲ್ಲೇ ಸಿಕ್ಕಿಬಿದ್ದಿದ್ದರು.

ಈಗ ಯಂತ್ರದ ದೋಷಕ್ಕೆ ಬರೋಣ. ಎನಿಗ್ಮಾದಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬರಲು ಸಾಧ್ಯವಿಲ್ಲ. ಎ ಒತ್ತಿದರೆ ಬೇರೆ 25ರಲ್ಲಿ ಯಾವುದಾದರೂ ಬರಬಹುದು, ಎ ಮಾತ್ರ ಬರದು. ಸಣ್ಣ ವಿಷಯ ಅನಿಸುತ್ತದೆ. ಇದು ಎಷ್ಟು ದುಬಾರಿಯಾಯಿತು ಅಂತ ಒಂದು ಉದಾಹರಣೆ ಮಾಡಿ ನೋಡೋಣ.

ಜರ್ಮನ್ ಹವಾಮಾನ ಕೇಂದ್ರಗಳು ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ವರದಿ ಕಳಿಸುತ್ತಿದ್ದವು. ಅದರಲ್ಲಿ ಹವಾಮಾನ ಅನ್ನುವ ಜರ್ಮನ್ ಪದ ‘ವೆಟರ್’ ಇದ್ದೇ ಇರುತ್ತದೆ. ಅದರ ಅಕ್ಷರಗಳು ಡಬ್ಲ್ಯೂ, ಇ, ಟಿ, ಟಿ, ಇ, ಆರ್. ಹೀಗೆ ಊಹಿಸಿಕೊಂಡ ಪದಕ್ಕೆ ‘ಕ್ರಿಬ್’ ಅಂತ ಹೆಸರು. ಕದ್ದು ಕೇಳಿದ ಸಂದೇಶದ ಒಂದು ತುಂಡು ಹೀಗಿದೆ ಅಂದುಕೊಳ್ಳಿ: ಕ್ಯೂ, ಎಫ್, ಟಿ, ಜೆಡ್, ಡಬ್ಲ್ಯೂ, ಪಿ, ಆರ್, ಎಂ. ಕ್ರಿಬ್ಬನ್ನು ಮೊದಲ ಅಕ್ಷರದ ಕೆಳಗಿಂದ ಬರೆಯಿರಿ. ಮೂರನೇ ಜಾಗದಲ್ಲಿ ಟಿ ಕೆಳಗೆ ಟಿ ಬಂತು. ಅಂದರೆ ಪದ ಇಲ್ಲಿಲ್ಲ. ಒಂದು ಮನೆ ಸರಿಸಿ. ಈಗ ಕೊನೆಯಲ್ಲಿ ಆರ್ ಕೆಳಗೆ ಆರ್ ಬಂತು. ಇದೂ ಅಲ್ಲ. ಇನ್ನೊಂದು ಮನೆ ಸರಿಸಿ. ಎಲ್ಲೂ ಡಿಕ್ಕಿ ಇಲ್ಲ. ಪದ ಇಲ್ಲಿರಬಹುದು. ಪೆನ್ಸಿಲ್ ಮತ್ತು ಕಾಗದ ಇದ್ದರೆ ಸಾಕು, ಇಷ್ಟು ಮಾಡಬಹುದು.

ಡಿಕ್ಕಿ ಇಲ್ಲದ ಈ ಮೂರನೇ ಜೋಡಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿ. ಮೊದಲ ಹೆಜ್ಜೆಯಲ್ಲಿ ಡಬ್ಲ್ಯೂ ಟಿ ಆಗಿದೆ. ಮೂರನೇ ಹೆಜ್ಜೆಯಲ್ಲಿ ಟಿ ಡಬ್ಲ್ಯೂ ಆಗಿದೆ. ಒಂದು ಸುತ್ತು ಪೂರ್ತಿಯಾಯಿತು. ಟ್ಯೂರಿಂಗ್ ಅವರ ಬುದ್ಧಿ ಓಡಿದ್ದು ಇಲ್ಲಿ. ಗಾಲಿಗಳು ಒಂದು ಸ್ಥಾನದಲ್ಲಿವೆ ಅಂತ ಇಟ್ಟುಕೊಂಡು, ಪ್ಲಗ್ ಬೋರ್ಡಿನಲ್ಲಿ ಡಬ್ಲ್ಯೂ ಯಾವುದೋ ಒಂದು ಅಕ್ಷರಕ್ಕೆ ಜೋಡಿ ಅಂತ ಊಹಿಸಿ. ವಿದ್ಯುತ್ತು ಸುತ್ತು ಹಾಕಿ ಅದೇ ಅಕ್ಷರಕ್ಕೆ ಮರಳಿದರೆ ಊಹೆ ಉಳಿಯಿತು. ಬೇರೆಲ್ಲೋ ಹೋದರೆ ಊಹೆ ಸುಳ್ಳು. ಅಂಥ 26 ಊಹೆಗಳೂ ಸುಳ್ಳಾದರೆ ಗಾಲಿಗಳ ಆ ಸ್ಥಾನವೇ ತಪ್ಪು. ಒಂದು ಸುತ್ತು ಸಾಲದು, ಉದ್ದದ ಕ್ರಿಬ್ಬಿನಲ್ಲಿ ಇಂಥವು ಮೂರು ನಾಲ್ಕು ಸಿಗಬೇಕು. ಸಿಕ್ಕರೆ ಪ್ಲಗ್ ಬೋರ್ಡಿನ 150 ಲಕ್ಷ ಕೋಟಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ಹತ್ತೂವರೆ ಲಕ್ಷ ಸ್ಥಾನಗಳಲ್ಲಿ ತಪ್ಪಾದವನ್ನು ಎಸೆಯುತ್ತಾ ಹೋದರೆ ಸಾಕು.

ಹೀಗೆ ಎಸೆಯಲು ಕಟ್ಟಿದ ದೊಡ್ಡ ಯಂತ್ರದ ಹೆಸರು ‘ಬಾಂಬ್’. ಮೊದಲನೆಯದು 1940ರ ಮಾರ್ಚ್‌ನಲ್ಲಿ ಬ್ರಿಟಿಷರ ಸಂಕೇತ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ಗೆ ಬಂತು. ಅಲ್ಲಿನ ಗಣಿತಜ್ಞ ಗಾರ್ಡನ್ ವೆಲ್ಚ್‌ಮನ್ ಒಂದು ಹೊಸ ಬೋರ್ಡು ಸೇರಿಸಿದ ಮೇಲೆ ಅದರ ವೇಗ ತುಂಬಾ ಹೆಚ್ಚಿತು. ಯುದ್ಧ ಮುಗಿಯುವ ಹೊತ್ತಿಗೆ 200ಕ್ಕೂ ಜಾಸ್ತಿ ಬಾಂಬ್‌ಗಳಿದ್ದವು. ಪಾಳಿಯ ಮೇಲೆ ಅವನ್ನು ಹಗಲೂ ರಾತ್ರಿ ಓಡಿಸಿದ್ದು ನೌಕಾದಳದ ಹೆಣ್ಣುಮಕ್ಕಳು. ಬ್ಲೆಚ್ಲಿಯಲ್ಲಿ ದುಡಿದವರಲ್ಲಿ ಮುಕ್ಕಾಲು ಪಾಲು ಹೆಂಗಸರೇ. (ಜಪಾನೀ ಸೇನೆಯ ಸಂದೇಶಗಳನ್ನು ಬಿಡಿಸಲು ದೆಹಲಿಯಲ್ಲೂ ಬ್ರಿಟಿಷರ ಒಂದು ಕೇಂದ್ರವಿತ್ತು. ಅದರ ಶಾಖೆಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲೇ ಇತ್ತು. ಇಲ್ಲಿ ಎಷ್ಟು ಜನಕ್ಕೆ ಅದು ಗೊತ್ತು?)

ಕ್ರಿಬ್ ಸಿಗದಿದ್ದರೆ ಯಂತ್ರ ಸುಮ್ಮನೆ ಕೂರಬೇಕಿತ್ತು. ಹಾಗಾಗಿ ಎದುರಾಳಿಯ ಅಭ್ಯಾಸ ಹುಡುಕುವುದೇ ದಿನದ ಕೆಲಸ. ವರದಿ ಮಾಡುವಂಥದ್ದೇನೂ ಇಲ್ಲ ಅಂತ ದಿನಾ ಅದೇ ಮಾತಿನಲ್ಲಿ ಕಳಿಸುವವರಿದ್ದರು. ಗಾಲಿಗಳು ಎಲ್ಲಿಂದ ಶುರುವಾಗಬೇಕು ಅಂತ ತಿಳಿಸುವ ಗುಟ್ಟಿನ ಮೂರಕ್ಷರಕ್ಕೆ ಗೆಳತಿಯ ಹೆಸರಿನ ತುಂಡು ಹಾಕುವವರೂ ಇದ್ದರು. ಏನೂ ಸಿಗದಿದ್ದಾಗ ಬ್ರಿಟಿಷ್ ವಿಮಾನಗಳು ತಾವೇ ಆರಿಸಿದ ಜಾಗದಲ್ಲಿ ಸಮುದ್ರಕ್ಕೆ ಮೈನ್ ಹಾಕಿ ಬರುತ್ತಿದ್ದವು. ಜರ್ಮನ್ನರು ತಮ್ಮ ಹಡಗುಗಳನ್ನು ಎಚ್ಚರಿಸಲು ಆ ಜಾಗದ ಹೆಸರನ್ನು ಎನಿಗ್ಮಾದಲ್ಲಿ ಕಳಿಸುತ್ತಿದ್ದರು. ಕ್ರಿಬ್ ಸಿದ್ಧ.

ನನಗೆ ತುಂಬಾ ಇಷ್ಟವಾದದ್ದು ಬ್ಲೆಚ್ಲಿಯ ಮೇವಿಸ್ ಲೀವರ್ ಎಂಬ ಹುಡುಗಿಯ ಕೆಲಸ. ಆಕೆ ಇಟಲಿ ನೌಕಾಪಡೆಯ ಎನಿಗ್ಮಾ ಸಂದೇಶ ನೋಡುತ್ತಿದ್ದರು. ಒಂದು ಉದ್ದದ ಸಂದೇಶದಲ್ಲಿ ಎಲ್ ಅಕ್ಷರ ಒಂದೂ ಇರಲಿಲ್ಲ. ಬೇರೆಯವರಾಗಿದ್ದರೆ ಗಮನಿಸುತ್ತಲೂ ಇರಲಿಲ್ಲವೇನೋ. ಆಕೆಗೆ ಥಟ್ಟನೆ ಹೊಳೆಯಿತು. ಸುಳ್ಳು ಸಂದೇಶವೊಂದನ್ನು ಕಳಿಸು ಅಂತ ಆ ಆಪರೇಟರ್‌ಗೆ ಹೇಳಿದ್ದಾರೆ, ಅವನು ಬೇಸರದಿಂದ ಎಲ್ ಕೀಲಿಯನ್ನೇ ಒತ್ತುತ್ತಾ ಕೂತಿದ್ದಾನೆ! ಇಡೀ ಸಂದೇಶವೇ ಕ್ರಿಬ್ ಆಯಿತು.

ಎಲ್ಲ ದಿನವೂ ಹೀಗೆ ಇರಲಿಲ್ಲ. 1942ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕು ಗಾಲಿಯ ಎನಿಗ್ಮಾ ಬಳಸತೊಡಗಿದವು. ಹತ್ತು ತಿಂಗಳು ಬ್ಲೆಚ್ಲಿಗೆ ಕಣ್ಣು ಕಟ್ಟಿದಂತಾಯಿತು. ಹಡಗುಗಳು ಮುಳುಗುತ್ತಲೇ ಇದ್ದವು. ಅಕ್ಟೋಬರ್ 30ರಂದು ಈಜಿಪ್ಟ್ ಬಳಿ ಯು-559 ಎಂಬ ಜಲಾಂತರ್ಗಾಮಿ ಪೆಟ್ಟು ತಿಂದು ಮುಳುಗತೊಡಗಿತು. ಬ್ರಿಟಿಷ್ ಹಡಗು ಪೆಟಾರ್ಡ್‌ನ ಟೋನಿ ಫ್ಯಾಸನ್ ಮತ್ತು ಕಾಲಿನ್ ಗ್ರೇಜಿಯರ್ ಅದರೊಳಗೆ ಇಳಿದು ಸಂಕೇತಗಳ ಪುಸ್ತಕಗಳನ್ನು ಮೇಲೆ ಕೊಟ್ಟರು. ಟಾಮಿ ಬ್ರೌನ್ ಎಂಬ ಹದಿಹರೆಯದ ಕ್ಯಾಂಟೀನ್ ಹುಡುಗ ಅವನ್ನು ಹೊರಗೆ ಸಾಗಿಸಿದ. ಜಲಾಂತರ್ಗಾಮಿ ಫ್ಯಾಸನ್ ಮತ್ತು ಗ್ರೇಜಿಯರ್ ಇಬ್ಬರನ್ನೂ ಒಳಗಿಟ್ಟುಕೊಂಡೇ ಮುಳುಗಿತು.

ಸಿಕ್ಕ ಪುಸ್ತಕಗಳಲ್ಲಿ ಒಂದು ಹವಾಮಾನ ವರದಿಯ ಸಂಕೇತಗಳದ್ದು. ದಡದ ಹವಾಮಾನ ಕೇಂದ್ರಗಳಲ್ಲಿ ಇನ್ನೂ ಮೂರು ಗಾಲಿಯ ಯಂತ್ರವೇ ಇತ್ತು. ಹಾಗಾಗಿ ಹವಾಮಾನ ಕಳಿಸುವಾಗ ಜಲಾಂತರ್ಗಾಮಿಯವರು ನಾಲ್ಕನೇ ಗಾಲಿಯನ್ನು ಕೆಲಸಕ್ಕೆ ಬಾರದಂತೆ ನಿಲ್ಲಿಸಿಬಿಡುತ್ತಿದ್ದರು. ಹೊಸ ಗಾಲಿಯ ಬಲವೆಲ್ಲ ಅಲ್ಲಿಗೆ ಮುಗಿಯಿತು. ಮೂರು ಗಾಲಿಯ ಸ್ಥಾನ ಗೊತ್ತಾದರೆ ಆ ದಿನದ ಉಳಿದ ಸಂದೇಶಗಳಿಗೆ ನಾಲ್ಕನೆಯದರ 26 ಸ್ಥಾನ ನೋಡಿದರಾಯಿತು. ಡಿಸೆಂಬರ್ 13ರಂದು ಬ್ಲೆಚ್ಲಿ ಮತ್ತೆ ಓದತೊಡಗಿತು. ಅಟ್ಲಾಂಟಿಕ್‌ನ ಹಡಗುಗಳನ್ನು ಅಪಾಯದ ದಾರಿಯಿಂದ ಬೇರೆಡೆಗೆ ತಿರುಗಿಸುವ ಕೆಲಸವೂ ಮತ್ತೆ ಶುರುವಾಯಿತು.